ಕೆಳದವಡೆಯಲ್ಲಿ ಇಂಪ್ಲಾಂಟ್ ಕೂರಿಸುವಾಗ

ಚಿಕ್ಕಬಳ್ಳಾಪುರದ ನನ್ನ ದಂತ ಚಿಕಿತ್ಸಾಲಯಕ್ಕೆ ಬರುವ ಅನೇಕರು ದವಡೆ ಹಲ್ಲು ಕೀಳಿಸಿ ವರ್ಷಗಳಾದ ಮೇಲೆಯೇ ಬರುತ್ತಾರೆ. ಮುದ್ದೆಯನ್ನು ಹೇಗಿದ್ದರೂ ನುಂಗುವುದರಿಂದ ತೊಂದರೆಯೇ ತಿಳಿಯಲಿಲ್ಲ ಎನ್ನುತ್ತಾರೆ. ಆದರೆ ಹಲ್ಲು ಹೋದ ಜಾಗದ ಮೂಳೆ ಮೊದಲ ವರ್ಷದಲ್ಲೇ ಗಣನೀಯವಾಗಿ ಸವೆದಿರುತ್ತದೆ. ಹೀಗಾಗಿ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲಿಗೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು) ಹಾಕುವ ಮುನ್ನ ನಾನು ಮೊದಲು ನೋಡುವುದು ಉಳಿದಿರುವ ಮೂಳೆಯನ್ನು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ, ಐವತ್ತು ದಾಟಿದ ಒಬ್ಬರಿಗೆ ಕೆಳಗಿನ ಮೊದಲ ದವಡೆ ಹಲ್ಲು ಇರಲಿಲ್ಲ. ಪಕ್ಕದ ಹಲ್ಲುಗಳ ಆಧಾರದ ಮೇಲೆ ಕೃತಕ ಹಲ್ಲನ್ನು ನಿಲ್ಲಿಸುವ ಬ್ರಿಡ್ಜ್ ಮಾಡಬಹುದಿತ್ತು, ಆದರೆ ಅದಕ್ಕಾಗಿ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲುಗಳನ್ನು ತೇಯಲು ನನಗೆ ಮನಸ್ಸಾಗದೆ ಇಂಪ್ಲಾಂಟನ್ನೇ ಆರಿಸಿದೆ. ಅವರಿಗೆ ಸಕ್ಕರೆ ಕಾಯಿಲೆಯೂ ಹೊಗೆಸೊಪ್ಪಿನ ಅಭ್ಯಾಸವೂ ಇದ್ದವು. ಹೊಗೆಸೊಪ್ಪು ಬಿಟ್ಟು, ಮೂರು ತಿಂಗಳ ಸಕ್ಕರೆಯ ಸರಾಸರಿ ಶೇ. 7ರ ಆಸುಪಾಸಿಗೆ ಇಳಿದ ಮೇಲಷ್ಟೇ ನಾನು ಮುಂದುವರಿದೆ.

ದವಡೆಯ ಮೂರು ಆಯಾಮದ ಎಕ್ಸ್‌ರೇ ಚಿತ್ರ ಕೊಡುವ ಸಿಬಿಸಿಟಿ ಸ್ಕ್ಯಾನಿನಲ್ಲಿ ಮೂಳೆಯ ಅಗಲವನ್ನೂ, ಕೆಳತುಟಿಗೆ ಸ್ಪರ್ಶ ನೀಡುವ ನರ ಸಾಗುವ ಕಾಲುವೆಯ ಆಳವನ್ನೂ ಅಳೆದು, ಇಂಪ್ಲಾಂಟಿನ ತುದಿಗೂ ಆ ಕಾಲುವೆಗೂ ನಡುವೆ ಕನಿಷ್ಠ 2 ಮಿ.ಮೀ. ಅಂತರ ಉಳಿಯುವಂತೆ ಉದ್ದವನ್ನು ಆರಿಸಿಕೊಂಡೆ. ಈ ಅಳತೆಯಲ್ಲಿ ಅವಸರ ಸಲ್ಲದು, ಏಕೆಂದರೆ ನರಕ್ಕೆ ಪೆಟ್ಟಾದರೆ ತುಟಿಯ ಜೋಮು ಶಾಶ್ವತವಾಗಿ ಉಳಿಯಬಹುದು.

ಕೊರೆಯುವಾಗ ನಾನು ಅತಿ ಹೆಚ್ಚು ಎಚ್ಚರ ವಹಿಸುವುದು ಶಾಖದ ಬಗ್ಗೆ. ಮೂಳೆ ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಅದರ ಜೀವಕೋಶಗಳಿಗೆ ಹಾನಿಯಾಗುತ್ತದೆ. ಕೆಳದವಡೆಯ ಮೂಳೆಯಂತೂ ಗಟ್ಟಿ, ಬೇಗ ಕಾಯುತ್ತದೆ. ಆದ್ದರಿಂದ ಹರಿತವಾದ ಡ್ರಿಲ್‌ಗಳನ್ನೇ ಬಳಸಿ, ತಂಪಾದ ಸಲೈನ್ ಹರಿಸುತ್ತಾ, ಸಣ್ಣ ಗಾತ್ರದಿಂದ ದೊಡ್ಡದಕ್ಕೆ ಹಂತಹಂತವಾಗಿ ರಂಧ್ರವನ್ನು ಅಗಲಿಸಿದೆ. ಇಂಪ್ಲಾಂಟ್ 35 ನ್ಯೂಟನ್ ಸೆಂಟಿಮೀಟರ್ (ತಿರುಪು ತಿರುಗಿಸುವ ಬಲದ ಅಳತೆ) ಬಿಗಿಗೆ ಗಟ್ಟಿಯಾಗಿ ಕುಳಿತಿತು.

"ಇಷ್ಟು ಗಟ್ಟಿಯಾಗಿ ಕೂತಿದೆಯಲ್ಲ ಸಾರ್, ಇವತ್ತೇ ಕ್ಯಾಪ್ ಹಾಕಿಬಿಡಿ" ಎಂದರು. ಆ ಹೊತ್ತಿನ ಬಿಗಿ ಬರೀ ತಿರುಪಿನದು, ಮೂಳೆ ಇನ್ನೂ ಅದನ್ನು ಹಿಡಿದುಕೊಂಡಿಲ್ಲ ಎಂದು ವಿವರಿಸಿದೆ. ಮೊದಲ ಕೆಲವು ವಾರಗಳಲ್ಲಿ ಹಳೆಯ ಮೂಳೆ ಕರಗಿ ಹೊಸದು ಬೆಳೆಯುವುದರಿಂದ ಹಿಡಿತ ಮೊದಲಿಗಿಂತ ಕಡಿಮೆಯೇ ಆಗುತ್ತದೆ. ಟೈಟಾನಿಯಂಗೆ ಜೀವಂತ ಮೂಳೆ ನೇರವಾಗಿ ಅಂಟಿಕೊಳ್ಳುವುದನ್ನು ಗುರುತಿಸಿದ ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನೀಡಿದಾಗಲೂ ಇಂಥ ಕಾಯುವಿಕೆ ಅವರ ವಿಧಾನದ ಭಾಗವಾಗಿತ್ತು. ಕೆಲವರಿಗೆ ಅದೇ ದಿನ ಹಲ್ಲು ಕೂರಿಸಲು ಸಾಧ್ಯವಿದೆ. ಸಕ್ಕರೆ ಕಾಯಿಲೆಯುಳ್ಳ ಇವರ ದವಡೆ ಹಲ್ಲಿನ ಜಾಗದಲ್ಲಿ ಆ ಸಾಹಸ ಬೇಡವೆನ್ನಿಸಿ ಮೂರು ತಿಂಗಳು ಕಾದೆ.

ಕ್ಯಾಪನ್ನು ಸಿಮೆಂಟಿನಿಂದ ಅಂಟಿಸದೆ ತಿರುಪಿನಿಂದಲೇ ಬಿಗಿದೆ. ವಸಡಿನ ಕೆಳಗೆ ಉಳಿಯುವ ಸಿಮೆಂಟ್ ಮುಂದೆ ಸೋಂಕಿಗೆ ದಾರಿಯಾಗುತ್ತದೆ. ಸಹಜ ಹಲ್ಲಿನ ಬೇರಿನ ಸುತ್ತಲಿರುವ, ಒತ್ತಡವನ್ನು ತಾಳಿಕೊಳ್ಳುವ ನಾರುಪದರ ಇಂಪ್ಲಾಂಟಿಗೆ ಇಲ್ಲವಾದ್ದರಿಂದ, ಹಗುರವಾಗಿ ಕಚ್ಚಿದಾಗ ಅದರ ಮೇಲೆ ಭಾರ ಬೀಳದಂತೆ ಎತ್ತರವನ್ನು ಸರಿಪಡಿಸಿದೆ. ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ಷಿನ ಬಳಕೆಯನ್ನು ಕನ್ನಡಿಯ ಮುಂದೆ ಅವರ ಕೈಯಿಂದಲೇ ಮಾಡಿಸಿದೆ. ಈಗ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು, ಕ್ಯಾಪ್ ಹಾಕಿದ ದಿನದ ಮೂಳೆಯ ಮಟ್ಟದೊಂದಿಗೆ ಹೋಲಿಸಿ ನೋಡುತ್ತಿದ್ದೇನೆ.