ಎಂಟು ಬಾಸ್, ಒಂದು ಕೆಂಪು ಸ್ಟೇಪ್ಲರ್

1999ರಲ್ಲಿ ಬೆಂಗಳೂರಿನಲ್ಲಿ ಕೂತು ನಾನು ಮಾಡುತ್ತಿದ್ದ ಕೆಲಸ ಇಷ್ಟೇ. ಕೋಬಾಲ್ ಅನ್ನೋ ಕಂಪ್ಯೂಟರ್ ಭಾಷೆಯ ಹಳೇ ಪ್ರೋಗ್ರಾಂಗಳಲ್ಲಿ ವರ್ಷಕ್ಕೆ ಎರಡೇ ಅಂಕಿ ಇರುವ ಜಾಗ ಹುಡುಕಿ, ನಾಲ್ಕು ಮಾಡೋದು. ಇಲ್ಲದಿದ್ದರೆ 2000ನೇ ಇಸವಿ 00 ಆಗಿ ಬಂದ ದಿನ ಕಂಪ್ಯೂಟರ್ ಅದನ್ನು 1900 ಅಂದುಕೊಂಡು ಬಡ್ಡಿ ಲೆಕ್ಕ ಹಾಕಿಬಿಟ್ಟರೆ? ಬೆಳಿಗ್ಗೆಯಿಂದ ಸಂಜೆವರೆಗೆ ಅದೇ.

ಅದೇ ವರ್ಷ ಅಮೆರಿಕದಲ್ಲಿ ಮೈಕ್ ಜಡ್ಜ್ ನಿರ್ದೇಶಿಸಿದ 'ಆಫೀಸ್ ಸ್ಪೇಸ್' ಬಂದಿತ್ತು. ಥಿಯೇಟರ್‌ನಲ್ಲಿ ಅಷ್ಟಕ್ಕಷ್ಟೇ. ಆಮೇಲೆ ಡಿವಿಡಿ, ಟಿವಿಯಲ್ಲಿ ಜನ ಹಿಡಿದರು. ನಾನು ನೋಡಿದ್ದೂ ಎಷ್ಟೋ ವರ್ಷ ಬಿಟ್ಟು, ನಿದ್ದೆ ಬರಲಿ ಅಂತ ಸುಮ್ನೆ ಹಾಕಿಕೊಂಡು. ನೋಡಿದರೆ ಹೀರೋ ಪೀಟರ್‌ದೂ ಅದೇ ಎರಡು ಅಂಕಿಯ ಕೆಲಸ! ರಿಪೋರ್ಟಿಗೆ ಹೊಸ ಕವರ್ ಶೀಟ್ ಹಾಕಲು ಮರೆತಿದ್ದಾನೆ. ಒಬ್ಬ ಬಾಸ್ ಬಂದು ಹೇಳುತ್ತಾನೆ. ಇನ್ನೊಬ್ಬ ಬಂದು ಅದನ್ನೇ ಹೇಳುತ್ತಾನೆ. ಫೋನಲ್ಲೂ ಅದೇ. ಅವನಿಗೆ ಒಟ್ಟು ಎಂಟು ಬಾಸ್. ನನಗಿದ್ದದ್ದು ನಾಲ್ಕು, ಆದರೂ ಅರ್ಥವಾಯಿತು.

ಟೀಮ್ ಲೀಡ್ ಆದ ಮೇಲೆ ಒಂದು ಶುಕ್ರವಾರ ಸಂಜೆ ಮೀಟಿಂಗ್ ರೂಮಿನ ಪ್ರೊಜೆಕ್ಟರ್‌ನಲ್ಲಿ ಹುಡುಗರಿಗೆ ಇದನ್ನೇ ಹಾಕಿದೆ. ಚುರುಮುರಿ ಪೊಟ್ಟಣ ತರಿಸಿದ್ದೆ. ಮಾಡಿದ ತಪ್ಪೆಂದರೆ, ಪ್ರತಿ ಜೋಕಿಗೂ ಮೊದಲೇ "ಈಗ ನೋಡಿ, ಈಗ ನೋಡಿ" ಅಂದದ್ದು. ಯಾರೂ ನಗಲಿಲ್ಲ. ಬಾಯಿ ಮುಚ್ಚಿಕೊಂಡು ಹಿಂದಿನ ಕುರ್ಚಿಗೆ ಹೋದೆ. ಮೂವರು ಸೇರಿ ಕೆಟ್ಟ ಪ್ರಿಂಟರನ್ನು ಬಯಲಿಗೆ ಒಯ್ದು ಬ್ಯಾಟಿನಿಂದ ಜಜ್ಜುವ ಹೊತ್ತಿಗೆ ಸೀಟಿ ಬಿತ್ತು. ಪೈಸೆ ಪೈಸೆ ಕದಿಯುವ ಕೊನೆಯ ಭಾಗ ನನಗಂತೂ ಸ್ವಲ್ಪ ಸಪ್ಪೆ. ಆಫೀಸಿನೊಳಗೆ ಏನೂ ನಡೆಯದಿರುವಾಗಲೇ ಅದರ ಮಜಾ ಜಾಸ್ತಿ.

ಸಿನಿಮಾದಲ್ಲಿ ಮಿಲ್ಟನ್ ಅಂತ ಒಬ್ಬನಿದ್ದಾನೆ. ಬಾಯೊಳಗೇ ಗೊಣಗುತ್ತಾನೆ. ಅವನ ಟೇಬಲ್ ಜರುಗಿಸಿ ಜರುಗಿಸಿ ಕೊನೆಗೆ ನೆಲಮಾಳಿಗೆಗೆ ತಳ್ಳುತ್ತಾರೆ. ಕೆಂಪು ಸ್ಟೇಪ್ಲರ್ ಬೇರೆ ಕಿತ್ತುಕೊಳ್ಳುತ್ತಾರೆ. (ಆ ಸ್ಟೇಪ್ಲರ್ ಕಂಪನಿಯವರು ಆಗ ಕೆಂಪು ಬಣ್ಣದ್ದು ಮಾಡುತ್ತಲೇ ಇರಲಿಲ್ಲವಂತೆ. ಸಿನಿಮಾಗೆಂದು ಬಣ್ಣ ಬಳಿದದ್ದು. ಜನ ಕೇಳಿ ಕೇಳಿ ಆಮೇಲೆ ಮಾರಾಟಕ್ಕೇ ತಂದರು.) ಎಲ್ಲರೂ ಬಿದ್ದು ಬಿದ್ದು ನಕ್ಕರು, ನಮ್ಮ ಹಿರಿಯ ಟೆಸ್ಟರ್ ಒಬ್ಬರನ್ನು ಬಿಟ್ಟು. ಆ ವರ್ಷ ಅವರ ಸೀಟನ್ನು ಮೂರು ಸಲ ಬದಲಿಸಿದ್ದೆವು. ಮೂರನೆಯದು ಪ್ಯಾಂಟ್ರಿ ಪಕ್ಕ. ಮೇಲ್ ಕಳಿಸಿದ್ದು ನಾನೇ.

ಸೋಮವಾರ ಬೇಗ ಹೋಗಿ, ಕಿಟಕಿ ಹತ್ತಿರದ ನನ್ನ ಜಾಗ ಖಾಲಿ ಮಾಡಿದೆ. "ಯಾಕೆ ಸಾರ್ ಇದೆಲ್ಲ?" ಅಂದರು. ಬಂದು ಕೂತರು ಮಾತ್ರ.