ಟ್ರ್ಯಾಕಿಗೆ ಎಥನಾಲೋ, ರೇಸ್ ಪೆಟ್ರೋಲೋ? ಟ್ಯಾಂಕ್ ತುಂಬಿಸುವ ಮುನ್ನ ಮಾಡಬೇಕಾದ ಕೆಲಸಗಳು

ಬೆಂಗಳೂರಿನಿಂದ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಕಾರು ಒಯ್ಯುವವರಲ್ಲಿ ಹಲವರು ಟೈರು, ಬ್ರೇಕ್ ಪ್ಯಾಡ್‌ಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿ, ಇಂಧನದ ವಿಷಯವನ್ನು ಮಾತ್ರ ಹೊರಡುವ ಹಿಂದಿನ ರಾತ್ರಿಗೆ ಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಾನೆಟ್ ಎತ್ತಿಕೊಂಡು ಪಿಟ್‌ನಲ್ಲಿ ನಿಲ್ಲುವ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಕಾರುಗಳಲ್ಲಿ ಕೆಲವಕ್ಕಾದರೂ ಈ ಉದಾಸೀನವೇ ಕಾರಣ.

ಮೊದಲು ನೀವು ಸ್ಪರ್ಧಿಸುವ ವಿಭಾಗದ ನಿಯಮಾವಳಿ ಓದಿ. ಸಂಘಟಕರು ಕೊಟ್ಟ ಇಂಧನವನ್ನೇ ಬಳಸಬೇಕೆಂದು ಅದರಲ್ಲಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ.

ಎರಡನೆಯದಾಗಿ ನಿಮ್ಮ ಎಂಜಿನ್ ಎಂಥದ್ದೆಂದು ನೋಡಿ. ಟರ್ಬೊ ಇಲ್ಲದ, ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಹೆಚ್ಚಿಸದ, ಕಂಪನಿಯಿಂದ ಬಂದಂತೆಯೇ ಇರುವ ಎಂಜಿನ್‌ಗೆ ಎಥನಾಲೂ ಬೇಡ, ರೇಸ್ ಪೆಟ್ರೋಲೂ (ಆಕ್ಟೇನ್ ಹೆಚ್ಚಿರುವ ಸ್ಪರ್ಧಾ ಪೆಟ್ರೋಲ್) ಬೇಡ. ಆಕ್ಟೇನ್ ಶಕ್ತಿಯ ಅಳತೆಯಲ್ಲ. ಒತ್ತಡ ಮತ್ತು ಶಾಖಕ್ಕೆ ಸಿಕ್ಕರೂ ಇಂಧನವು ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಹೆಚ್ಚಿಸಿದ ಟರ್ಬೊ ಕಾರಿನಲ್ಲಿ ಸಣ್ಣ ರೇಸ್ ಅಥವಾ ಟೈಮ್ ಅಟ್ಯಾಕ್ (ಒಂದು ಸುತ್ತನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸುವ ಸ್ಪರ್ಧೆ) ಓಡಿಸುವವರು ಎಥನಾಲನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ಅದರ ರಿಸರ್ಚ್ ಆಕ್ಟೇನ್ ಸಂಖ್ಯೆ 108ರ ಆಸುಪಾಸಿನಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಂಡು ಒಳಹೋಗುವ ಗಾಳಿಯನ್ನು ತಂಪು ಮಾಡುತ್ತದೆ. ಆದರೆ ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರವಾದ್ದರಿಂದ, ದೀರ್ಘ ಓಟದಲ್ಲಿ ಪಿಟ್‌ಗೆ ಹೆಚ್ಚು ಸಲ ಬರಬೇಕಾಗುತ್ತದೆ. ಅಮೆರಿಕದ ಇಂಡಿಕಾರ್ ಸರಣಿ 2007ರಿಂದ ಬಹುತೇಕ ಶುದ್ಧ ಎಥನಾಲ್‌ನಲ್ಲಿ, 2012ರಿಂದ ಇ85ರಲ್ಲಿ (ಸುಮಾರು ಶೇ 85 ಎಥನಾಲ್ ಇರುವ ಪೆಟ್ರೋಲ್ ಮಿಶ್ರಣ) ಓಡಿತಲ್ಲ ಎನ್ನುವವರು, ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಇಂಧನವಿತ್ತೆಂಬುದನ್ನು ಮರೆಯಬಾರದು. ದೀರ್ಘ ಓಟಕ್ಕೂ, ಹೆಚ್ಚು ಕಂಪ್ರೆಷನ್ನಿನ ಟರ್ಬೊರಹಿತ ಬೈಕುಗಳಿಗೂ ಸೀಸರಹಿತ ರೇಸ್ ಪೆಟ್ರೋಲೇ ಮೇಲು.

ಡಬ್ಬಿಯ ಮೇಲಿನ ಸಂಖ್ಯೆಗಳನ್ನು ಹೋಲಿಸುವಾಗ ಎಚ್ಚರವಿರಲಿ. ನಮ್ಮಲ್ಲಿ ಇಂಡಿಯನ್ ಆಯಿಲ್‌ನ ಪೆಟ್ರೋಲ್ ಎಕ್ಸ್‌ಪಿ100 ಎನ್ನುವಾಗಿನ 100 ರಿಸರ್ಚ್ ಆಕ್ಟೇನ್. ಅಮೆರಿಕದ ಬಂಕ್‌ಗಳು ಬರೆಯುವುದು ರಿಸರ್ಚ್ ಮತ್ತು ಮೋಟಾರ್ ಆಕ್ಟೇನ್‌ಗಳ (ಎರಡು ಬೇರೆ ಪರೀಕ್ಷೆಗಳ ಸಂಖ್ಯೆಗಳು, ಮೋಟಾರಿನದ್ದು ಕಡಿಮೆ) ಸರಾಸರಿಯನ್ನು. ಹಾಗಾಗಿ ಅಲ್ಲಿನ ಸೀಸರಹಿತ 100 ನಮ್ಮ 100ಕ್ಕಿಂತ ಮೇಲಿನ ದರ್ಜೆಯದು. ಅಂಗಡಿಯ ಆಕ್ಟೇನ್ ಬೂಸ್ಟರ್ ಬಾಟಲಿಗಳಿಗೆ ಹಣ ಸುರಿಯಬೇಡಿ. ಅವು ಹೇಳಿಕೊಳ್ಳುವ ಹತ್ತು ‘ಪಾಯಿಂಟ್’ ಎಂದರೆ ಹೆಚ್ಚಿನ ಸಲ ಒಂದೇ ಒಂದು ಆಕ್ಟೇನ್, ಜೊತೆಗೆ ಮ್ಯಾಂಗನೀಸ್ ಇರುವಂಥವು ಪ್ಲಗ್‌ಗೆ ಕೆಂಪು ಲೇಪ ಬಳಿಯುತ್ತವೆ. ಸೀಸ ಬೆರೆತ ವಿಮಾನದ ಪೆಟ್ರೋಲನ್ನು ಹೇಗೋ ಸಂಪಾದಿಸಿ ತರುವ ಅಡ್ಡದಾರಿಯಂತೂ ಆಕ್ಸಿಜನ್ ಸೆನ್ಸರನ್ನೂ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡುತ್ತದೆ.

ಎಥನಾಲ್ ಎಂದು ನಿರ್ಧರಿಸಿದರೆ ಇಂಜೆಕ್ಟರ್ (ಎಂಜಿನ್‌ಗೆ ಇಂಧನ ಸಿಂಪಡಿಸುವ ಭಾಗ) ಮತ್ತು ಪಂಪಿನ ಸಾಮರ್ಥ್ಯವನ್ನು ಲೆಕ್ಕ ಹಾಕಿ. ಶುದ್ಧ ಪೆಟ್ರೋಲಿನ ಗಾಳಿ-ಇಂಧನ ಅನುಪಾತ (ಒಂದು ಪಾಲು ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿ, ತೂಕದಲ್ಲಿ) 14.7 ಆದರೆ ಇ85ರದ್ದು ಸುಮಾರು 9.8, ಎಂದರೆ ಗಾತ್ರದಲ್ಲಿ ಹತ್ತಿರ ಹತ್ತಿರ ಶೇ 40ರಷ್ಟು ಹೆಚ್ಚು ಇಂಧನ ಹರಿಯಬೇಕು. ಪೆಟ್ರೋಲಿನಲ್ಲಿ ಇಂಜೆಕ್ಟರ್ ಈಗಾಗಲೇ ತನ್ನ ಸಾಮರ್ಥ್ಯದ ಶೇ 65ರಷ್ಟು ದುಡಿಯುತ್ತಿದ್ದರೆ ಎಥನಾಲ್‌ನಲ್ಲಿ ಅದು ಶೇ 90 ದಾಟುತ್ತದೆ, ಶೇ 85ರ ಮೇಲೆ ನಾನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ. ಹಳೆಯ ರಬ್ಬರ್ ಪೈಪುಗಳನ್ನು ತೆಗೆದು ಟೆಫ್ಲಾನ್ ಒಳಪದರದವನ್ನು ಹಾಕಿಸಿ.

ಹೆಚ್ಚಿನವರು ಎಡವುವುದು ಇದರ ನಂತರ, ತಾವು ತಂದ ಇಂಧನದಲ್ಲಿ ನಿಜಕ್ಕೂ ಎಷ್ಟು ಎಥನಾಲ್ ಇದೆ ಎಂದು ಅಳೆಯುವಲ್ಲಿ. ಇಂಡಿಯನ್ ಆಯಿಲ್ 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಆಯ್ದ ಬಂಕ್‌ಗಳಲ್ಲಿ ಬಿಡುಗಡೆ ಮಾಡಿದ ‘ಎಥನಾಲ್ 100’ರಲ್ಲಿ, ಹೆಸರು ಏನೇ ಹೇಳಲಿ, ಎಥನಾಲ್ ಇರುವುದು ಶೇ 93ರಷ್ಟು. ಅಮೆರಿಕದ ಬಂಕ್‌ಗಳ ಇ85ರಲ್ಲಂತೂ ಋತುವಿಗೆ ತಕ್ಕಂತೆ ಶೇ 51ರಿಂದ 83ರವರೆಗೆ ಏನೂ ಇರಬಹುದು. ಶೇ 60 ಎಥನಾಲ್‌ಗೆ ಟ್ಯೂನ್ ಮಾಡಿದ (ಎಂಜಿನ್ ಕಂಪ್ಯೂಟರನ್ನು ಹೊಂದಿಸಿದ) ಕಾರಿಗೆ ಶೇ 85ರದ್ದನ್ನು ಹಾಕಿದರೆ ಮಿಶ್ರಣ ಲೀನ್ ಆಗುತ್ತದೆ, ಎಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ಶೇ 85ಕ್ಕೆ ಟ್ಯೂನ್ ಮಾಡಿದ್ದಕ್ಕೆ ಶೇ 60ರದ್ದನ್ನು ಹಾಕಿದರೆ ಆಕ್ಟೇನ್ ಸಾಲದೆ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಶುರುವಾಗುತ್ತದೆ.

ಅಳೆಯಲು ಗೆರೆ ಕೊರೆದ ಕಿರಿದಾದ ಗಾಜಿನ ಸಿಲಿಂಡರ್ ಒಂದಿದ್ದರೆ ಸಾಕು. ಬೆಂಕಿಯಿಂದ ದೂರ, ಬಯಲಿನಲ್ಲಿ, ಮೊದಲು 50 ಮಿ.ಲೀ. ನೀರನ್ನೂ ಅನಂತರ 50 ಮಿ.ಲೀ. ಇಂಧನವನ್ನೂ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ, ಎರಡು ಪದರಗಳು ಸ್ಪಷ್ಟವಾಗಿ ಬೇರೆಯಾಗುವವರೆಗೆ ಅಲುಗಿಸದೆ ಇಡಿ. ಎಥನಾಲ್ ನೀರಿನೊಡನೆ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ಉಳಿಯುತ್ತದೆ. ಎಲ್ಲರೂ ಕೆಳಗಿನ ಪದರವನ್ನು ಓದುತ್ತಾರೆ, ಅದು ತಪ್ಪು. ನೀರು ಮತ್ತು ಎಥನಾಲ್ ಬೆರೆತಾಗ ಒಟ್ಟು ಗಾತ್ರ ತುಸು ಕುಗ್ಗುವುದರಿಂದ ಎಥನಾಲ್ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಮೇಲಿನ ಪದರವನ್ನು ಓದಿ: ಅದು 10 ಮಿ.ಲೀ. ಇದ್ದರೆ ಪೆಟ್ರೋಲ್ ಶೇ 20, ಎಥನಾಲ್ ಶೇ 80. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ, ಮುಚ್ಚಳ ಸಡಿಲವಾಗಿದ್ದ ಕ್ಯಾನಿನ ಇಂಧನದಲ್ಲಿ ಸೇರಿಕೊಂಡ ನೀರೂ ಈ ಪರೀಕ್ಷೆಯಲ್ಲಿ ಎಥನಾಲ್ ಎಂದೇ ಲೆಕ್ಕಕ್ಕೆ ಬರುತ್ತದೆ. ಕಾರಿನಲ್ಲೇ ಎಥನಾಲ್ ಪ್ರಮಾಣ ಅಳೆಯುವ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್ ಕೂಡ ಇದೇ ರೀತಿ ಮೋಸಹೋಗುತ್ತದೆ. ಹಾಗಾಗಿ ಹೊಸದಾಗಿ ತುಂಬಿಸಿ ಬಿಗಿಯಾಗಿ ಮುಚ್ಚಿದ ಲೋಹದ ಕ್ಯಾನಿನದ್ದನ್ನು ಮಾತ್ರ ನಂಬಿ.

ಬೆರೆಸುವಾಗ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲೂ ಈಗ ಶೇ 20 ಎಥನಾಲ್ ಇದೆಯೆಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. 40 ಲೀಟರ್ ಶೇ 50ರ ಮಿಶ್ರಣ ಬೇಕಾದರೆ ಶೇ 93ರದ್ದು ಸುಮಾರು 16.5 ಲೀಟರ್, ಉಳಿದದ್ದು ಪೆಟ್ರೋಲ್. ಬೆರೆಸಿದ ಮೇಲೆ ಮತ್ತೊಮ್ಮೆ ಅಳೆದು, ಆ ಸಂಖ್ಯೆಯನ್ನೇ ಟ್ಯೂನರ್‌ಗೆ ಕೊಡಿ.

ಎಥನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನೆಲ್ಲ ಕಿತ್ತು ತರುವುದರಿಂದ ಮೊದಲ ಟ್ಯಾಂಕ್ ಮುಗಿದೊಡನೆ ಫ್ಯೂಯಲ್ ಫಿಲ್ಟರ್ ಬದಲಿಸಿ. ರೇಸ್ ಮುಗಿದ ಮೇಲೆ ಉಳಿದ ಎಥನಾಲನ್ನು ಬಸಿದು, ಪೆಟ್ರೋಲ್ ಹಾಕಿ, ಪೆಟ್ರೋಲಿನ ಮ್ಯಾಪ್‌ನಲ್ಲೇ (ಎಂಜಿನ್ ಕಂಪ್ಯೂಟರಿನ ಹೊಂದಾಣಿಕೆ) ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಆಗಲೇ ಬದಲಿಸಿ.