ವಿಕಟಕವಿಯಿಂದ ಭಾಮಿನಿ ಷಟ್ಪದಿಯವರೆಗೆ: ನಾನು ಕೋಡಿಂಗ್ ಕಲಿತ ಬಗೆ

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಲ್ಯಾಬ್ ಹೇಗೆ ನಡೆಯುತ್ತದೆ ಅಂತ ಚೆನ್ನಾಗಿ ಗೊತ್ತು. ಸೆಮಿಸ್ಟರ್ ಶುರುವಾಗುವ ಹೊತ್ತಿಗೇ ಪ್ರೋಗ್ರಾಂಗಳ ಪಟ್ಟಿ ಕೈಗೆ ಬರುತ್ತದೆ. ಸೀನಿಯರ್‌ಗಳ ಹತ್ತಿರ ಮ್ಯಾನ್ಯುಯಲ್ ಸಿಗುತ್ತದೆ. ರೆಕಾರ್ಡ್ ಬರೆಯಬೇಕು, ಸೈನ್ ಹಾಕಿಸಿಕೊಳ್ಳಬೇಕು, ಎಕ್ಸಾಮ್ ದಿನ ಚೀಟಿ ಎತ್ತಿ ಬಂದ ಪ್ರೋಗ್ರಾಂ ಬರೆದು ಔಟ್‌ಪುಟ್ ತೋರಿಸಬೇಕು. ಬಾಯಿಪಾಠ ಮಾಡಿದವರಿಗೂ ಪೂರ್ತಿ ಮಾರ್ಕ್ಸ್, ಅರ್ಥ ಮಾಡಿಕೊಂಡವರಿಗೂ ಪೂರ್ತಿ ಮಾರ್ಕ್ಸ್. ಹೀಗಿದ್ದಾಗ ಹೆಚ್ಚಿನವರು ಬಾಯಿಪಾಠದ ದಾರಿ ಹಿಡಿಯುವುದರಲ್ಲಿ ಆಶ್ಚರ್ಯ ಏನೂ ಇಲ್ಲ. ನಾನು ಬೇರೆ ದಾರಿ ಹಿಡಿದೆ. ಅದು ಹೇಗಿತ್ತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಮೀಡಿಯಂನಿಂದ ಬಂದು ಎಂಜಿನಿಯರಿಂಗೋ ಬಿಸಿಎಯೋ ಸೇರಿದವರಿಗೆ ಇದು ಉಪಯೋಗಕ್ಕೆ ಬರಬಹುದು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಹಾಸನ ಜಿಲ್ಲೆಯ ಕನ್ನಡ ಮೀಡಿಯಂ ಶಾಲೆಯಲ್ಲಿ. ಎಂಜಿನಿಯರಿಂಗ್‌ನ ಮೊದಲ ವರ್ಷ ಸಿ ಲ್ಯಾಬ್‌ನಲ್ಲಿ ಪಾಲಿಂಡ್ರೋಮ್ ಪ್ರೋಗ್ರಾಂ ಇತ್ತು. ಒಂದು ಪದ ಕೊಟ್ಟರೆ ಅದನ್ನು ತಿರುಗಿಸಿ, ಎರಡೂ ಒಂದೇ ಆಗಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಎಲ್ಲರೂ ಇಂಗ್ಲಿಷಿನ 'ಮೇಡಂ' ಕೊಟ್ಟು ನೋಡುತ್ತಿದ್ದರು. ನನಗೆ ಪ್ರೈಮರಿ ಶಾಲೆಯಿಂದಲೇ ಗೊತ್ತಿದ್ದ ಪದ 'ವಿಕಟಕವಿ'. ಆಮೇಲೆ ಅದನ್ನೇ ಪೈಥಾನ್‌ನಲ್ಲಿ ಬರೆಯುವಾಗ ಕನ್ನಡ ಪದಗಳನ್ನು ಕೊಟ್ಟೆ. 'ಗದಗ' ಅಂದೆ, ಹೌದು ಅಂತು. 'ಕನಕ' ಅಂದೆ, ಹೌದು ಅಂತು. 'ವಿಕಟಕವಿ' ಅಂದೆ, ಇಲ್ಲ ಅಂತು.

ನನ್ನ ಕಲಿಕೆ ನಿಜವಾಗಿ ಶುರುವಾದದ್ದು ಈ 'ಇಲ್ಲ'ದಿಂದ. ಪ್ರೋಗ್ರಾಂನಲ್ಲಿ ಏನೂ ಕೆಟ್ಟಿರಲಿಲ್ಲ, ಮ್ಯಾನ್ಯುಯಲ್‌ನಲ್ಲಿ ಇದ್ದ ಹಾಗೇ ಇತ್ತು. ಉತ್ತರ ಮಾತ್ರ ತಪ್ಪು. ಅದು ತಪ್ಪು ಅಂತ ಯಾರೂ ಹೇಳದೆಯೇ ನನಗೆ ಗೊತ್ತಾಗಿತ್ತು, ಯಾಕಂದರೆ ಸರಿಯುತ್ತರ ನನಗೆ ಮೊದಲೇ ಗೊತ್ತಿತ್ತು. ಇವತ್ತಿಗೂ ನಾನು ಜೂನಿಯರ್‌ಗಳಿಗೆ ಮೊದಲು ಹೇಳುವುದು ಇದನ್ನೇ. ಉತ್ತರ ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಕೋಡ್ ಬರೆಯಿರಿ. ಫಿಬೊನಾಚಿ ಸರಣಿಯಲ್ಲಿ ನಲವತ್ತನೇ ಸಂಖ್ಯೆ ಸರಿಯೋ ತಪ್ಪೋ ಅಂತ ನೋಡಿದ ತಕ್ಷಣ ಗೊತ್ತಾಗುವುದಿಲ್ಲ. ನಿಮ್ಮೂರಿನ ಬಸ್ಸಿನ ಟೈಮು, ಡೇರಿಗೆ ಹಾಕಿದ ಹಾಲಿನ ಲೆಕ್ಕ, ಕನ್ನಡದ ಒಂದು ಪದ, ಇವುಗಳಲ್ಲಿ ತಪ್ಪಾದರೆ ಕಣ್ಣಿಗೆ ಕುಕ್ಕುತ್ತದೆ.

'ವಿಕಟಕವಿ' ಯಾಕೆ ಹಾಗಾಯಿತು? ಒಂದೊಂದು ಅಕ್ಷರದ ನಂಬರನ್ನೂ ಪ್ರಿಂಟ್ ಮಾಡಿ ನೋಡಿದೆ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ ಮೀಸಲಿದೆ, 3200ರಿಂದ 3327ರವರೆಗೆ. 'ಕ' ಅಂದರೆ 3221. ಗುಣಿತದ ಗುರುತುಗಳಿಗೆ ಬೇರೆಯೇ ನಂಬರ್ ಇದೆ. ನಮ್ಮ ಕಣ್ಣಿಗೆ 'ವಿ' ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಎರಡು: ಮೊದಲು ವ, ಆಮೇಲೆ ಗುಡಿಸು. ಹಾಗಾಗಿ ಐದು ಅಕ್ಷರದ 'ವಿಕಟಕವಿ' ಅದರ ಲೆಕ್ಕದಲ್ಲಿ ಏಳು. ತಿರುಗಿಸಿದಾಗ ಗುಡಿಸು ಮುಂದೆ ಬರುತ್ತದೆ, ವ ಹಿಂದೆ ಬೀಳುತ್ತದೆ. 'ಗದಗ'ದಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಹಾಗಾಗಿ ಅದು ಪಾಸಾಯಿತು.

'ಕನ್ನಡ' ಪದವನ್ನೇ ತೆಗೆದುಕೊಳ್ಳಿ. ಬರೆಯುವಾಗ ಮೂರು ಅಕ್ಷರ. ಪೈಥಾನ್‌ಗೆ ಉದ್ದ ಕೇಳಿದರೆ 5 ಅನ್ನುತ್ತದೆ. ಒಳಗೆ ಇರುವುದು 3221, 3240, 3277, 3240, 3233. ಅಂದರೆ ಕ, ನ, ಹಲಂತದ ಗುರುತು (ವ್ಯಂಜನಕ್ಕೆ ಸ್ವರ ಇಲ್ಲ ಅಂತ ತೋರಿಸುವುದು), ಮತ್ತೊಂದು ನ, ಡ. ಅದೇ ಪದವನ್ನು ಸಿ ಭಾಷೆಯಲ್ಲಿ ಕೊಟ್ಟು ಸ್ಟ್ರಿಂಗ್ ಉದ್ದ ಕೇಳಿದರೆ 15 ಬರುತ್ತದೆ. ಈ ನಂಬರುಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ನಂಬರಿಗೂ ಮೂರು ಬೈಟ್ ಬೇಕು, ಸಿ ಎಣಿಸುವುದು ಬೈಟುಗಳನ್ನು. ಮೂರು, ಐದು, ಹದಿನೈದು. ಒಂದೇ ಪದ, ಮೂರು ಉದ್ದ, ಮೂರೂ ಸರಿ. ಬೈಟ್, ಕ್ಯಾರೆಕ್ಟರ್, ಎನ್‌ಕೋಡಿಂಗ್ ಅಂತ ಕ್ಲಾಸಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಅವು ಮೂರೂ ಬೇರೆ ಬೇರೆ ಅಂತ ಮನಸ್ಸಿಗೆ ನಾಟಿದ್ದು ಆವತ್ತು. ಇಂಗ್ಲಿಷ್ ಪದಗಳನ್ನೇ ಕೊಡುತ್ತಿದ್ದರೆ ಮೂರಕ್ಕೂ ಒಂದೇ ಉತ್ತರ ಬರುತ್ತಿತ್ತು, ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಸರಿ, ಹಾಗಾದರೆ ಪದವನ್ನು ಅಕ್ಷರಗಳಾಗಿ ಒಡೆಯುವುದನ್ನು ನಾನೇ ಬರೆಯಬೇಕು. ಇದಕ್ಕೆ ನಾನು ಮೊದಲು ಕೀಬೋರ್ಡ್ ಮುಟ್ಟಲಿಲ್ಲ. ನೋಟ್‌ಬುಕ್ ತೆಗೆದು ಕನ್ನಡದಲ್ಲೇ ಬರೆದುಕೊಂಡೆ: 'ಸ್ವರವೋ ವ್ಯಂಜನವೋ ಸಿಕ್ಕಿದರೆ ಹೊಸ ಅಕ್ಷರ ಶುರು. ಹಿಂದಿನದು ಹಲಂತ ಆಗಿದ್ದರೆ ಹೊಸದಲ್ಲ, ಅದು ಒತ್ತು. ಗುಣಿತವೋ ಹಲಂತವೋ ಸಿಕ್ಕಿದರೆ ಹಿಂದಿನದಕ್ಕೆ ಸೇರಿಸು. ಅನುಸ್ವಾರ, ವಿಸರ್ಗ ಬಂದರೂ ಹಿಂದಿನದಕ್ಕೇ.' ಆಮೇಲೆ 'ಸಂಸ್ಕೃತಿ', 'ರಾಷ್ಟ್ರ', 'ಅಂಗಡಿ' ಇವನ್ನೆಲ್ಲ ಕೈಯಲ್ಲೇ ಒಡೆದು ನೋಡಿದೆ. 'ರಾಷ್ಟ್ರ'ದಲ್ಲಿ ಒಂದರ ಕೆಳಗೊಂದು ಎರಡು ಒತ್ತು ಇದೆಯಲ್ಲ, ಅಲ್ಲಿಯೂ ನಿಯಮ ನಿಲ್ಲುತ್ತದೆಯೇ ಅಂತ ನೋಡಬೇಕಿತ್ತು. ನಿಂತಿತು. ಕನ್ನಡದಲ್ಲಿ ಬರೆದ ಆ ನಾಲ್ಕು ಸಾಲನ್ನು ಪೈಥಾನ್‌ಗೆ ತರುವುದು ಅರ್ಧ ಗಂಟೆಯ ಕೆಲಸ. ಯೋಚನೆ ಪೂರ್ತಿ ಪೇಪರಿನ ಮೇಲೇ ಮುಗಿದಿತ್ತು.

ನಾನು ಕನ್ನಡದಲ್ಲಿ ಯೋಚಿಸುತ್ತೇನೆ. ಇಂಗ್ಲಿಷ್ ಪುಸ್ತಕ ಓದುವಾಗಲೂ ಒಳಗೊಳಗೇ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಮೊದಲ ವರ್ಷದಲ್ಲಿ ಕೆಲವರು ಇದನ್ನು ಬಿಡಬೇಕು ಅಂದಿದ್ದರು. ನಾನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. 'ಫಾರ್', 'ಇಫ್', 'ರಿಟರ್ನ್' ಅಂತ ಒಂದಿಷ್ಟು ಪದ ಇಂಗ್ಲಿಷಿನಲ್ಲಿ ಇರಲಿ, ತೊಂದರೆ ಇಲ್ಲ. ಅವುಗಳ ಹಿಂದಿನ ಯೋಚನೆ ಯಾವ ಭಾಷೆಯಲ್ಲಾದರೂ ನಡೆಯುತ್ತದೆ. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2021ರಲ್ಲಿ ಅವಕಾಶ ಕೊಟ್ಟಿತು, ಅದರಲ್ಲಿ ಕನ್ನಡವೂ ಇತ್ತು. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ಗಳು ಕನ್ನಡದಲ್ಲೂ ಸಿಗುತ್ತವೆ, ನಾನು ಲಿನಕ್ಸ್ ಕಮಾಂಡ್‌ಗಳನ್ನು ಕಲಿತದ್ದು ಅದರಿಂದಲೇ. ಇವೆಲ್ಲ ಒಳ್ಳೆಯ ಕೆಲಸಗಳು. ಆದರೆ ಪಾಠದ ಭಾಷೆಯಷ್ಟೇ ಪಾಠದ ಉದಾಹರಣೆಗಳೂ ಮುಖ್ಯ ಅಂತ ನನಗೆ ಅನಿಸುತ್ತದೆ. ಕನ್ನಡದಲ್ಲೇ ಪಾಠ ಮಾಡಿ, ಕೊನೆಗೆ 'ಮೇಡಂ' ತಿರುಗಿಸಿ ಅಂದರೆ ಸಿಗುವ ಲಾಭ ಅರ್ಧ ಮಾತ್ರ.

ಅಕ್ಷರ ಒಡೆಯುವುದು ಬಂದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುತ್ತಿದ್ದದ್ದು ನೆನಪಾಯಿತು. ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತಿಸಿ, ಗಣ ವಿಭಾಗ ಮಾಡಿ, ಛಂದಸ್ಸಿನ ಹೆಸರು ಬರೆಯಬೇಕಿತ್ತಲ್ಲ, ಅದು. ಅದನ್ನೇ ಮಿನಿ ಪ್ರಾಜೆಕ್ಟ್ ಮಾಡಿಕೊಂಡೆ. ಗೈಡ್ ಆಗಿದ್ದ ಮೇಡಂ ಬೇಡ ಅನ್ನಲಿಲ್ಲ. "ವೈವಾದಲ್ಲಿ ಕನ್ನಡ ಬಾರದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದರೂ ಅವರಿಗೆ ಅರ್ಥ ಆಗೋ ಹಾಗೆ ಹೇಳಬೇಕು, ಆಗುತ್ತಾ?" ಅಂತ ಮಾತ್ರ ಕೇಳಿದರು. ಒಳ್ಳೆಯ ಷರತ್ತು ಅದು. ಗೊತ್ತಿಲ್ಲದವರಿಗೆ ವಿವರಿಸಲು ಕೂತಾಗ ನನ್ನ ನಿಯಮಗಳೇ ಇನ್ನಷ್ಟು ಚೊಕ್ಕಟವಾದವು.

ನಿಯಮಗಳು ನಿಮಗೂ ನೆನಪಿರಬಹುದು. ದೀರ್ಘ ಅಕ್ಷರ ಗುರು. ಅನುಸ್ವಾರ, ವಿಸರ್ಗ ಇದ್ದರೆ ಗುರು. ಐ, ಔ ಗುರು. ಅಕ್ಷರದ ಆಮೇಲೆ ಸ್ವರವಿಲ್ಲದ ವ್ಯಂಜನ ಬಂದರೆ ಆ ಅಕ್ಷರ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಕೊನೆಯದೇ ಪ್ರೋಗ್ರಾಂಗೆ ಕಷ್ಟದ್ದು. 'ಕನ್ನಡ'ದಲ್ಲಿ 'ಕ' ನೋಡುವಾಗ ಅದು ಲಘುವೋ ಗುರುವೋ ಹೇಳಲು ಆಗುವುದಿಲ್ಲ. ಮುಂದೆ 'ನ್ನ' ಇದೆ ಅಂತ ಗೊತ್ತಾದ ಮೇಲೆ ಹೇಳಬಹುದು. ಕಂಪೈಲರ್ ಪಾಠದಲ್ಲಿ ಬರುವ 'ಲುಕ್‌ಅಹೆಡ್' ಇದೇ ಅಲ್ವಾ! ನಾನು ಪದವನ್ನು ಹಿಂದಿನಿಂದ ಓದುತ್ತಾ ಬಂದೆ. 'ಡ' ಲಘು. 'ನ್ನ' ಲಘು, ಆದರೆ ಒತ್ತಕ್ಷರ ಸಿಕ್ಕಿತು ಅಂತ ನೆನಪಿಟ್ಟುಕೋ. 'ಕ'ಗೆ ಬಂದಾಗ ಆ ನೆನಪಿನಿಂದ ಗುರು. ಒಟ್ಟು ನಾಲ್ಕು ಮಾತ್ರೆ. ಆಟೊಮ್ಯಾಟಾ ಸಬ್ಜೆಕ್ಟ್ ಯಾಕೆ ಬೇಕು, ಆ ವೃತ್ತ-ಬಾಣಗಳ ಚಿತ್ರದಿಂದ ಏನು ಪ್ರಯೋಜನ ಅಂತ ಹಾಸ್ಟೆಲಿನಲ್ಲಿ ಚರ್ಚೆ ಆಗುತ್ತಿತ್ತು. ನಾನು ಕನ್ನಡದ ಒಂದು ಅಕ್ಷರವನ್ನೇ ಆ ಚಿತ್ರದಲ್ಲಿ ಬರೆದು ರೂಮಿನ ಗೋಡೆಗೆ ಅಂಟಿಸಿದೆ. ವ್ಯಂಜನದಿಂದ ಹಲಂತಕ್ಕೆ ಒಂದು ಬಾಣ, ಹಲಂತದಿಂದ ಮತ್ತೆ ವ್ಯಂಜನಕ್ಕೆ ಒಂದು, ವ್ಯಂಜನದಿಂದ ಗುಣಿತಕ್ಕೆ ಒಂದು. ಆಮೇಲೆ ಆ ಸಬ್ಜೆಕ್ಟ್ ನನಗೆ ಭಾರ ಅನಿಸಲೇ ಇಲ್ಲ.

ಅರ್ಕಾವೊತ್ತಿನ ವಿಷಯ ಹೇಳಲೇಬೇಕು. 'ಸೂರ್ಯ' ಬರೆಯುವಾಗ ಆ ಗುರುತು 'ಯ'ದ ಬಲಕ್ಕೆ ಬರುತ್ತದೆ. ಇದಕ್ಕೆ ಬೇರೆ ಕೋಡ್ ಬರೆಯಬೇಕಾಗುತ್ತದೆ ಅಂತ ಅಂದುಕೊಂಡಿದ್ದೆ. ಬೇಕಾಗಲಿಲ್ಲ. ಯುನಿಕೋಡ್ ಅದನ್ನು ಉಚ್ಚಾರಣೆಯ ಕ್ರಮದಲ್ಲೇ ಇಡುತ್ತದೆ: ಮೊದಲು ರ, ಆಮೇಲೆ ಹಲಂತ, ಆಮೇಲೆ ಯ. ಬಲಕ್ಕೆ ತಂದು ತೋರಿಸುವುದು ಫಾಂಟಿನ ಕೆಲಸ. ಹಳೆಯ ನುಡಿ, ಬರಹ ಫೈಲುಗಳಲ್ಲಿ ಹೀಗಿಲ್ಲ. ಅಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಚೂರುಚೂರಾಗಿ ಕೂತಿರುತ್ತದೆ, ಫಾಂಟ್ ಬದಲಿಸಿದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಸರ್ಕಾರಿ ಆಫೀಸುಗಳ ಎಷ್ಟೋ ಹಳೆಯ ದಾಖಲೆ ಈಗಲೂ ಹಾಗೇ ಇದೆ. ಅವನ್ನೆಲ್ಲ ಯುನಿಕೋಡ್‌ಗೆ ತರುವುದು ನಮ್ಮಂಥ ವಿದ್ಯಾರ್ಥಿಗಳಿಗೆ ನಿಜಕ್ಕೂ ಒಳ್ಳೆಯ ಕೆಲಸ. ಪ್ರತಿ ವರ್ಷ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. 'ಸಾಫ್ಟ್‌ವೇರ್' ಅಂತ ಟೈಪ್ ಮಾಡುವಾಗ 'ವೇ' ಕೆಳಗಿಳಿದು ಒತ್ತಾಗದಿರಲಿ ಅಂತ ನಡುವೆ ಅಗಲವೇ ಇಲ್ಲದ ಒಂದು ಗುರುತು ಹಾಕುತ್ತಾರೆ. ಪದ ನೋಡಿದರೆ ಅದು ಕಾಣುವುದಿಲ್ಲ, ಉದ್ದ ಎಣಿಸಿದರೆ ಮಾತ್ರ ಸಿಗುತ್ತದೆ. ಹಾಗೆಯೇ 'ಕೀ' ಅನ್ನುವುದನ್ನು ಎರಡು ನಂಬರಿನಲ್ಲೂ ಇಡಬಹುದು, 'ಕಿ' ಹಾಕಿ ಅದರ ಪಕ್ಕ ದೀರ್ಘದ ಗುರುತು ಸೇರಿಸಿ ಮೂರರಲ್ಲೂ ಇಡಬಹುದು. ನೋಡಲು ಎರಡೂ ಒಂದೇ. ಪ್ರೋಗ್ರಾಂ ಮಾತ್ರ ಎರಡನೆಯದನ್ನು ಲಘು ಅಂದುಬಿಡುತ್ತದೆ. ಪೈಥಾನ್‌ನಲ್ಲಿ ನಾರ್ಮಲೈಸ್ ಮಾಡುವ, ಅಂದರೆ ಇವನ್ನು ಒಂದೇ ರೂಪಕ್ಕೆ ತರುವ ಫಂಕ್ಷನ್ ಇದೆ. ಕನ್ನಡ ಪಠ್ಯ ಕೈಗೆ ಬಂದ ತಕ್ಷಣ ಅದನ್ನು ಮೊದಲು ಅದಕ್ಕೆ ಕೊಡಿ, ಮಿಕ್ಕದ್ದು ಆಮೇಲೆ.

ಪರೀಕ್ಷೆಗೆ ಕುಮಾರವ್ಯಾಸನ ಪದ್ಯಗಳನ್ನು ಇಟ್ಟುಕೊಂಡೆ. ಭಾಮಿನಿ ಷಟ್ಪದಿಯ ಲೆಕ್ಕ ಗಟ್ಟಿ. 1, 2, 4, 5ನೇ ಸಾಲುಗಳಲ್ಲಿ 3, 4, 3, 4ರ ಗಣಗಳು, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಆ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಲ್ಲಿಗೆ 23. ಇಡೀ ಪದ್ಯಕ್ಕೆ 102 ಮಾತ್ರೆ. ಇದಕ್ಕಿಂತ ಒಳ್ಳೆಯ ಟೆಸ್ಟ್ ಕೇಸ್ ಯಾರೂ ಮಾಡಿಕೊಡಲಾರರು. ಆರು ನೂರು ವರ್ಷದಷ್ಟು ಹಿಂದೆ ಒಬ್ಬ ಕವಿ ಲೆಕ್ಕ ತಪ್ಪದೆ ಸಾವಿರಾರು ಪದ್ಯ ಬರೆದಿಟ್ಟಿದ್ದಾನೆ. ಪ್ರೋಗ್ರಾಂ 102 ಹೇಳಬೇಕು, ಅಷ್ಟೇ.

ಮೊದಲ ಪದ್ಯ ಕೊಟ್ಟಾಗ ಮೊದಲ ಎರಡು ಸಾಲು 14 ಬಂತು. ಮೂರನೆಯದು 22. ಆ ಸಾಲು 'ದಾತಾರ' ಅಂತ ಮುಗಿಯುತ್ತದೆ, ಕೊನೆಯ 'ರ' ಲಘು. ಕೈಯಲ್ಲಿ ಹಾಕಿದರೂ 22. ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಫೋನ್ ಮಾಡಿದೆ. "ಸರ್, ಒಂದು ಮಾತ್ರೆ ಕಡಿಮೆ ಬರ್ತಿದೆ" ಅಂದೆ. "ಎಲ್ಲಿ, ಸಾಲಿನ ಕೊನೇಲಾ?" ಅಂತ ಅವರೇ ಕೇಳಿದರು. "ಕೊನೇ ಲಘುವನ್ನ ಅಲ್ಲಿ ಗುರು ಅಂತಲೇ ತಗೋಬೇಕಪ್ಪ. ಹಾಡುವಾಗ ಎಳೀತೀವಲ್ಲ, ಹಾಡಿ ನೋಡು." ಹಾಡಿ ನೋಡಿದೆ, ಎಳೆಯದೆ ನಿಲ್ಲಿಸಲು ಆಗುವುದಿಲ್ಲ. ಒಂದು ಸಾಲು ಕೋಡ್ ಸೇರಿತು, 102 ಬಂತು. ಅದರ ಮೇಲೆ ಮೇಷ್ಟ್ರು ಹೇಳಿದ್ದನ್ನು ಕನ್ನಡದಲ್ಲೇ ಕಾಮೆಂಟ್ ಆಗಿ ಬರೆದಿಟ್ಟಿದ್ದೇನೆ.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನೂ ಬಳಸುತ್ತೇನೆ. ಎರರ್ ಮೆಸೇಜ್ ಅರ್ಥವಾಗದಿದ್ದರೆ, ಒಂದು ಲೈಬ್ರರಿಯ ಫಂಕ್ಷನ್ ಹೆಸರು ನೆನಪಾಗದಿದ್ದರೆ ಕೇಳುತ್ತೇನೆ, ಬೇಗ ಕೆಲಸ ಆಗುತ್ತದೆ. ಒಂದು ಪದ್ಯ ಕೊಟ್ಟು ಪ್ರಸ್ತಾರ ಹಾಕು ಅಂತಲೂ ಕೇಳಿ ನೋಡಿದೆ. ಟೇಬಲ್ ಚೆನ್ನಾಗಿತ್ತು. ಪ್ರತಿ ಚಿಕ್ಕ ಸಾಲಿನ ಪಕ್ಕ 14 ಅಂತ ಬರೆದಿತ್ತು. ಅದೇ ಹಾಕಿದ ಗುರುತುಗಳನ್ನು ಕೂಡಿಸಿದರೆ ಒಂದು ಸಾಲಿನಲ್ಲಿ 14 ಬರಲಿಲ್ಲ. ಭಾಮಿನಿಯ ಚಿಕ್ಕ ಸಾಲಿಗೆ 14 ಇರಬೇಕು ಅಂತ ಅದಕ್ಕೆ ಗೊತ್ತು, ಎಣಿಸಿ ಹೇಳಿದ್ದಲ್ಲ. ನನಗೆ ಪ್ರಸ್ತಾರ ಬರುತ್ತಿದ್ದದ್ದರಿಂದ ಸಿಕ್ಕಿಬಿತ್ತು. ಹಾಗಾಗಿ ನಾನು ಇಟ್ಟುಕೊಂಡ ಕ್ರಮ ಇದು: ಮೊದಲು ನಾನು ಬರೆಯುತ್ತೇನೆ, ಓಡಿಸುತ್ತೇನೆ, ಆಮೇಲೆ ಅದಕ್ಕೆ ತೋರಿಸಿ ಇನ್ನೂ ಚೆನ್ನಾಗಿ ಬರೆಯಬಹುದಾ ಅಂತ ಕೇಳುತ್ತೇನೆ. ಜೂನಿಯರ್‌ಗಳು ಉಲ್ಟಾ ಮಾಡುವುದನ್ನು ನೋಡಿದರೆ ಸಂಕಟ ಆಗುತ್ತದೆ. ಹಳೆಯ ಬಾಯಿಪಾಠದಲ್ಲಿ ಕೊನೇಪಕ್ಷ ಕೋಡ್ ಒಮ್ಮೆಯಾದರೂ ತಲೆಯೊಳಗೆ ಹೋಗಿ ಬರುತ್ತಿತ್ತು.

ಈಗ ಆ ಪ್ರೋಗ್ರಾಂ ಆದಿಪ್ರಾಸವನ್ನೂ ನೋಡುತ್ತದೆ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇದೆಯಾ ಅಂತ, ಸ್ವರ ಬಿಟ್ಟು ಹೋಲಿಸಿದರೆ ಆಯಿತು. ಅಕ್ಷರ ಒಡೆಯುವ ಕೋಡ್ ಇದ್ದದ್ದರಿಂದ ಇದು ಸಲೀಸಾಗಿ ಮುಗಿಯಿತು. ವಿಂಗಡಣೆ ಇನ್ನೂ ಬಾಕಿ ಇದೆ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಗೆ ಬರುತ್ತದೆ, ಯುನಿಕೋಡ್ 'ಲ' ಆದ ತಕ್ಷಣ ಇಟ್ಟಿದೆ. ಸುಮ್ನೆ ಸಾರ್ಟ್ ಮಾಡಿದರೆ 'ಬಸವ'ನಿಗಿಂತ ಮೊದಲು 'ಬಳೆ' ಬರುತ್ತದೆ.

ಹಳಗನ್ನಡದ ಕಡೆ ಹೋದಾಗ ಶಿಥಿಲದ್ವಿತ್ವ ಎದುರಾಯಿತು. ಅಲ್ಲಿ ಒತ್ತಕ್ಷರ ಇದ್ದರೂ ಅದನ್ನು ತೇಲಿಸಿ ಉಚ್ಚರಿಸುತ್ತಾರೆ, ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಬರೆದ ರೂಪ ನೋಡಿ ಇದನ್ನು ಖಚಿತವಾಗಿ ಹೇಳುವ ನಿಯಮ ನನಗೆ ಸಿಕ್ಕಿಲ್ಲ. ಸದ್ಯಕ್ಕೆ ಸಾಲಿನ ಲೆಕ್ಕ ಒಂದು ಮಾತ್ರೆ ಜಾಸ್ತಿ ಬಂದು, ಅದರಲ್ಲಿ ರೇಫದ (ರಕಾರದ) ಒತ್ತಕ್ಷರ ಇದ್ದರೆ ಪ್ರೋಗ್ರಾಂ ತಾನೇ ತೀರ್ಮಾನ ಮಾಡದೆ ಪ್ರಶ್ನೆಯ ಗುರುತು ಹಾಕಿ ನಿಲ್ಲುತ್ತದೆ. ಅಂಥ ಸಾಲುಗಳನ್ನು ಒಂದು ಫೈಲಿನಲ್ಲಿ ಕೂಡಿಡುತ್ತಿದ್ದೇನೆ. ರಜೆಗೆ ಊರಿಗೆ ಹೋದಾಗ ಮೇಷ್ಟ್ರ ಜೊತೆ ಕೂತು ಒಂದೊಂದಾಗಿ ನೋಡಬೇಕು.